ಕ್ಷಯರೋಗವೂ ವೈರಸ್ ಜ್ವರಗಳೂ

ಮಳೆಗಾಲ ಹಿಂದಾಗಿ ಚಳಿ ಕಾಲಿಡುವ ದಿನಗಳಲ್ಲಿ ಮನೆಯೊಳಗೆ ಒಬ್ಬರಿಗಲ್ಲದಿದ್ದರೆ ಒಬ್ಬರಿಗೆ ನೆಗಡಿ, ಕೆಮ್ಮು, ಜ್ವರ ಬರುವುದು ವಾಡಿಕೆ. ಮೂರು ನಾಲ್ಕು ದಿನ ಮೈ ಕಾದು, ಮೆಣಸಿನ ಕಷಾಯವನ್ನೋ ವೈದ್ಯರು ಕೊಟ್ಟ ಗುಳಿಗೆಯನ್ನೋ ತೆಗೆದುಕೊಂಡು, ಐದನೆಯ ದಿನ ತಲೆಗೆ ನೀರೆರೆದುಕೊಂಡು ಎದ್ದರೆ ಎಲ್ಲವೂ ಮುಗಿಯಿತೆಂದು ನಮ್ಮವರ ಎಣಿಕೆ. ಆಮೇಲೆ ಉಳಿಯುವ ಕೆಮ್ಮಿಗೆ ಯಾರೂ ಲೆಕ್ಕವಿಡುವುದಿಲ್ಲ. “ಜ್ವರದ ಕೆಮ್ಮು, ತಾನಾಗಿಯೇ ಹೋಗುತ್ತದೆ” ಎನ್ನುವರು. ಬಹಳ ಮಟ್ಟಿಗೆ ಆ ಮಾತು ನಿಜವೂ ಹೌದು. ಆದರೆ ಕೆಲವರಲ್ಲಿ ಅದು ಹೋಗುವುದಿಲ್ಲ. ವಾರಗಳು ಉರುಳುವುವು, ಸಂಜೆಯ ಹೊತ್ತಿಗೆ ಮೈ ಬೆಚ್ಚಗಾಗುವುದು, ಊಟ ಸೇರದು, ತೂಕ ಇಳಿಯುವುದು. ಅದು ಜ್ವರವು ಬಿಟ್ಟುಹೋದ ಕೆಮ್ಮಲ್ಲ, ಜ್ವರವು ಎಬ್ಬಿಸಿ ಹೋದ ಕ್ಷಯವೆಂದು ಕೊನೆಗೆ ಕಫಪರೀಕ್ಷೆಯಿಂದ ತಿಳಿದುಬಂದ ಸಂದರ್ಭಗಳು ಉಂಟು. ಒಂದು ರೋಗವು ಇನ್ನೊಂದಕ್ಕೆ ಬಾಗಿಲು ತೆರೆಯುವುದೆಂದರೇನು? ಎರಡೂ ಬೇರೆ ಬೇರೆ ಜಾತಿಯ ರೋಗಾಣುಗಳು. ಒಂದನ್ನೊಂದು ಕಂಡೂ ಇರಲಾರವು. ಅವುಗಳ ನಡುವೆ ಮಾತುಕತೆ ನಡೆಯುವುದು ನಮ್ಮ ದೇಹದ ರಕ್ಷಣಾ ವ್ಯವಸ್ಥೆಯ ಮೂಲಕವೇ. ಆ ವಿಚಾರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಕ್ಷಯದ ಸ್ವಭಾವವನ್ನು ತಿಳಿಯಬೇಕು. ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯರು ೧೮೮೨ನೆಯ ಇಸವಿ ಮಾರ್ಚಿ ೨೪ರಂದು ಬರ್ಲಿನ್ ನಗರದಲ್ಲಿ ಈ ರೋಗದ ಅಣುವನ್ನು ಲೋಕಕ್ಕೆ ತಿಳಿಯಪಡಿಸಿದರು. ಅಲ್ಲಿಂದೀಚೆಗೆ ನಡೆದ ಪರೀಕ್ಷೆಗಳಿಂದ ಒಂದು ಸೋಜಿಗದ ಸಂಗತಿ ಬೆಳಕಿಗೆ ಬಂದಿತು. ಕ್ಷಯಾಣು ಒಳಹೊಕ್ಕವರೆಲ್ಲರಿಗೂ ಕ್ಷಯ ಬರುವುದಿಲ್ಲ. ಪ್ರಪಂಚದ ಜನರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲಿನವರ ದೇಹವು ಈ ಅಣುವಿನ ಪರಿಚಯವನ್ನು ಮಾಡಿಕೊಂಡಿದೆಯೆಂದು ತಜ್ಞರು ಅಂದಾಜು ಮಾಡಿರುವರು. ಇಂತಹ ನೂರು ಮಂದಿಯಲ್ಲಿ ಜೀವಮಾನದಲ್ಲಿ ರೋಗಿಗಳಾಗುವವರು ಐದರಿಂದ ಹತ್ತು ಮಂದಿ ಮಾತ್ರ. ಮಿಕ್ಕವರು ಏನೂ ಅರಿಯದೆ ದುಡಿದು, ಮಕ್ಕಳುಮರಿಗಳೊಡನೆ ಬಾಳಿ, ಬೇರೆ ಕಾರಣದಿಂದ ಸಾಯುವರು. ಅವರ ಎದೆಯೊಳಗೆ ಕ್ಷಯವು ಬೂದಿ ಮುಚ್ಚಿದ ಕೆಂಡದಂತೆ ಇದ್ದಿರಬಹುದು, ಅಥವಾ ಪೂರ್ತಿಯಾಗಿ ಆರಿಯೂ ಹೋಗಿರಬಹುದು.

ಈ ಬೂದಿಯನ್ನು ಹೊದಿಸುವವರು ಯಾರು? ಗಾಳಿಯ ಮೂಲಕ ಒಳಗೆ ಬಂದ ಕ್ಷಯಾಣುವು ಕೊನೆಗೆ ಸೇರುವ ಸ್ಥಳ ಶ್ವಾಸಕೋಶದ ಗಾಳಿಗೂಡು. ಎರಡು ಶ್ವಾಸಕೋಶಗಳಲ್ಲಿಯೂ ಕೂಡಿ ಇಂತಹ ಗೂಡುಗಳು ೩೦ ಕೋಟಿಗೂ ಮಿಗಿಲಾಗಿರುವುವು. ಒಳಗೆ ಬಿದ್ದ ಧೂಳನ್ನೂ ಅಣುಗಳನ್ನೂ ನುಂಗಿ ಶುದ್ಧಿಮಾಡುವ ಭಕ್ಷಕ ಕಣಗಳು ಅಲ್ಲಿ ಸುತ್ತಾಡುತ್ತಿರುತ್ತವೆ. ಮ್ಯಾಕ್ರೊಫೇಜ್ ಎಂದು ಅವುಗಳ ಶಾಸ್ತ್ರೀಯ ನಾಮ. ಬೇರೆ ಅಣುಗಳಾದರೆ ಇವುಗಳ ಹೊಟ್ಟೆಯಲ್ಲಿ ಕೆಲವು ಗಂಟೆಗಳಲ್ಲಿ ಜೀರ್ಣವಾಗಿ ಹೋಗುವುವು. ಕ್ಷಯಾಣು ಹಾಗಲ್ಲ. ತನ್ನನ್ನು ನುಂಗಿದ ಚೀಲಕ್ಕೆ ಜೀರ್ಣರಸದ ಚೀಲವು ಬಂದು ಕೂಡದಂತೆ ಅದು ತಡೆದು, ತಿಂದವನ ಹೊಟ್ಟೆಯಲ್ಲಿಯೇ ಮನೆ ಮಾಡಿಕೊಳ್ಳುವುದು. ಅದರ ಸಂತಾನ ಬೆಳೆಯುವುದೂ ಆಮೆಯ ನಡೆಯಲ್ಲಿಯೇ: ಒಂದು ಎರಡಾಗಲು ಹೆಚ್ಚುಕಡಿಮೆ ೨೦ ಗಂಟೆ ಬೇಕು.

ಶತ್ರು ಬಂದ ಸುದ್ದಿ ಎದೆಯೊಳಗಿನ ಲಿಂಫ್ ಗ್ರಂಥಿಗಳನ್ನು ಮುಟ್ಟಿ, ಅಲ್ಲಿ ಈ ಅಣುವನ್ನೇ ಗುರುತು ಹಿಡಿಯಬಲ್ಲ ಟಿ ಕಣಗಳೆಂಬ ಬಿಳಿಯ ರಕ್ತಕಣಗಳು ತಯಾರಾಗಿ ಶ್ವಾಸಕೋಶಕ್ಕೆ ಬರುವ ಹೊತ್ತಿಗೆ ಎರಡು ಮೂರು ವಾರಗಳು ಸಂದಿರುತ್ತವೆ. ಬಂದ ಟಿ ಕಣಗಳು ತಾವೇ ಹೋರಾಡುವುದಕ್ಕಿಂತ ಹೆಚ್ಚಾಗಿ ಅಪ್ಪಣೆ ಕೊಡುವುವು. ಅವು ಸೂಸುವ ಗಾಮಾ ಇಂಟರ್‌ಫೆರಾನ್ ಎಂಬ ದ್ರವ್ಯವು ಭಕ್ಷಕ ಕಣಕ್ಕೆ ತಗುಲಿದಾಗ, ಸುಮ್ಮನೆ ಕುಳಿತಿದ್ದ ಆ ಕಣವು ಹುರುಪುಗೊಂಡು, ತಡೆಯನ್ನು ಮುರಿದು, ತನ್ನೊಳಗಿನ ಕ್ಷಯಾಣುವನ್ನು ಅರೆಯತೊಡಗುವುದು. ಅಳಿದುಳಿದ ಅಣುಗಳ ಸುತ್ತ ಭಕ್ಷಕ ಕಣಗಳೂ ಟಿ ಕಣಗಳೂ ಪದರ ಪದರವಾಗಿ ನಿಂತು ಒಂದು ಗಂಟನ್ನು ಕಟ್ಟುವುವು. ಊರ ಹೊರಗೆ ಕಳ್ಳರನ್ನು ಸುತ್ತುಗಟ್ಟಿ, ಹಗಲಿರುಳು ಪಹರೆ ನಿಂತಂತೆ ಇದು. ಕಳ್ಳರು ಸತ್ತಿಲ್ಲ, ಹೊರಗೆ ಬರಲಾರರು, ಅಷ್ಟೆ.

ಇದು ಒಮ್ಮೆ ಕಟ್ಟಿ ಬಿಟ್ಟ ಗೋಡೆಯಲ್ಲ, ನಿತ್ಯವೂ ನಡೆಯಬೇಕಾದ ಕಾವಲು ಎಂಬುದಕ್ಕೆ ಒಂದು ನಿದರ್ಶನವುಂಟು. ಕೀಲುವಾಯುವಿನ ರೋಗಿಗಳಿಗೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಹೊಸ ಔಷಧವನ್ನು ಕೊಡಲು ತೊಡಗಿದ ಮೇಲೆ, ಅದನ್ನು ತೆಗೆದುಕೊಂಡವರಲ್ಲಿ ೭೦ ಮಂದಿಗೆ ಕ್ಷಯ ಕಾಣಿಸಿಕೊಂಡಿತೆಂದು ೨೦೦೧ರಲ್ಲಿ ವರದಿಯಾಯಿತು. ಆ ಔಷಧವು ಕೀಲಿನ ಊತವನ್ನು ಇಳಿಸುವುದು ದೇಹದ ಒಂದು ರಕ್ಷಣಾದ್ರವ್ಯವನ್ನು ಕಟ್ಟಿಹಾಕುವುದರ ಮೂಲಕ. ಕ್ಷಯದ ಗಂಟುಗಳನ್ನು ಬಿಗಿಯಾಗಿ ಹಿಡಿದಿದ್ದುದೂ ಅದೇ ದ್ರವ್ಯವಾಗಿತ್ತು. ಕಾವಲಿನ ಊಟವನ್ನು ನಿಲ್ಲಿಸಿದ ಕೂಡಲೆ ಸೆರೆ ಒಡೆಯಿತು. ಈಗ ಅಂತಹ ಔಷಧಗಳನ್ನು ಕೊಡುವುದಕ್ಕೆ ಮುಂಚೆ ಕ್ಷಯದ ಸೋಂಕು ಇದೆಯೇ ಎಂದು ಪರೀಕ್ಷಿಸುವುದು ಪದ್ಧತಿಯಾಗಿದೆ.

ಸೆರೆ ಒಡೆದ ಮೇಲೆ ಏನಾಗುವುದೆಂಬುದನ್ನು ನಮ್ಮ ನಾಡಿನ ಒಂದು ಶೋಧನೆಯೇ ಹೇಳುವುದು. ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ೧೯೬೧ರಿಂದ ೧೯೬೮ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಕ್ರಮವಾದ ಚಿಕಿತ್ಸೆಯ ಏರ್ಪಾಡು ಅಲ್ಲಿ ಇನ್ನೂ ಬಂದಿರದ ಕಾಲ. ಕಫದಲ್ಲಿ ಅಣುವಿದ್ದ ರೋಗಿಗಳಲ್ಲಿ ಐದು ವರ್ಷ ಕಳೆಯುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ತೀರಿಹೋಗಿದ್ದರು. ಮೂರರಲ್ಲೊಂದು ಪಾಲಿನವರು ತಾವಾಗಿಯೇ ಗುಣ ಹೊಂದಿದ್ದರು. ಉಳಿದವರು ಇನ್ನೂ ಅಣುವನ್ನು ಉಗುಳುತ್ತಿದ್ದರು. ರೋಗವು ಮೇಲೆದ್ದ ಬಳಿಕವೂ ಮೂವರಲ್ಲೊಬ್ಬರ ದೇಹ ಅದನ್ನು ತಿರುಗಿ ಅದುಮಿಟ್ಟಿತೆಂದರೆ ಈ ಕಾವಲಿನ ಬಲ ಎಷ್ಟೆಂಬುದನ್ನು ಊಹಿಸಬಹುದು. ಅದು ಸೋತರೆ ಆಗುವ ಹಾನಿ ಎಷ್ಟೆಂಬುದೂ ಇದರಲ್ಲಿಯೇ ಇದೆ.

ಇನ್ನು ಎರಡನೆಯ ಪಾತ್ರಧಾರಿಯನ್ನು ಕರೆತರೋಣ. ಹೊರಗಿನ ಒಂದು ಜ್ವರವು ಕ್ಷಯದ ಕಾವಲಿನ ಮೇಲೆ ಕೈಮಾಡುವುದೆಂಬುದನ್ನು ಮೊಟ್ಟಮೊದಲು ಕಣ್ಣಾರೆ ಕಂಡು ಬರೆದಿಟ್ಟವರು ಆಸ್ಟ್ರಿಯಾ ದೇಶದ ಮಕ್ಕಳ ವೈದ್ಯರಾದ ಕ್ಲೆಮೆನ್ಸ್ ಫಾನ್ ಪಿರ್ಕೆ. ಇಂದು ಎಲ್ಲರ ಬಾಯಲ್ಲಿಯೂ ಓಡಾಡುವ ‘ಅಲರ್ಜಿ’ ಎಂಬ ಶಬ್ದವನ್ನು ೧೯೦೬ರಲ್ಲಿ ಹುಟ್ಟಿಸಿದವರೂ ಇವರೇ. ಕ್ಷಯಾಣುವಿನಿಂದ ತೆಗೆದ ಟ್ಯೂಬರ್ಕ್ಯುಲಿನ್ ಎಂಬ ಸತ್ವವನ್ನು ತೋಳಿನ ಚರ್ಮದ ಮೇಲೆ ಒಂದು ತೊಟ್ಟು ಹಾಕಿ ಸ್ವಲ್ಪ ಗೀರಿದರೆ, ಕ್ಷಯದ ಸೋಂಕನ್ನು ಮೊದಲೇ ಕಂಡಿದ್ದ ಮಗುವಿನಲ್ಲಿ ಒಂದೆರಡು ದಿನಗಳಲ್ಲಿ ಅಲ್ಲಿ ಕೆಂಪಗೆ ಊದಿಕೊಳ್ಳುವುದು; ಕಾಣದ ಮಗುವಿನಲ್ಲಿ ಏನೂ ಆಗದು. ಈ ಸುಲಭವಾದ ಪರೀಕ್ಷೆಯನ್ನು ಅವರು ೧೯೦೭ರಲ್ಲಿ ಪ್ರಕಟಿಸಿದ್ದರು. ವಿಯೆನ್ನಾ ನಗರದಲ್ಲಿ ಮಕ್ಕಳನ್ನು ಹೀಗೆ ಪರೀಕ್ಷಿಸುತ್ತಿದ್ದಾಗ ಅವರಿಗೊಂದು ವಿಚಿತ್ರ ಕಂಡುಬಂದಿತು. ಹಿಂದೆ ಚೆನ್ನಾಗಿ ಊದಿಕೊಳ್ಳುತ್ತಿದ್ದ ಮಗುವಿಗೆ ದಡಾರ ಬಂದು ಮೈಮೇಲೆ ಗುಳ್ಳೆಗಳೆದ್ದಾಗ ಗೀರಿದರೆ ಚರ್ಮವು ಮೌನವಾಗಿರುತ್ತಿತ್ತು. ದಡಾರ ಇಳಿದು ಕೆಲವು ದಿನಗಳಾದ ಮೇಲೆ ಮತ್ತೆ ಮೊದಲಿನಂತೆಯೇ ಊತ ಕಾಣಿಸುತ್ತಿತ್ತು. ೧೯೦೮ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು.

ಆ ಕಾಲದಲ್ಲಿ ದಡಾರವು ಯಾವುದರಿಂದ ಬರುವುದೆಂಬುದೇ ತಿಳಿದಿರಲಿಲ್ಲ. ಅದರ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಹಿಡಿದು ಬೆಳೆಸಿದುದು ೧೯೫೪ರಲ್ಲಿ. ಟಿ ಕಣವೆಂಬ ಹೆಸರೂ ಹುಟ್ಟಿರಲಿಲ್ಲ. ಬರಿಯ ಕಣ್ಣು, ಒಂದು ಗೀರುಗತ್ತಿ, ದಿನದಿನವೂ ಅದೇ ಮಗುವಿನ ತೋಳನ್ನು ನೋಡುವ ತಾಳ್ಮೆ, ಇಷ್ಟರಿಂದ ಕಂಡ ಸತ್ಯವಿದು. ದೊಡ್ಡ ಯಂತ್ರಗಳಿದ್ದರೆ ಮಾತ್ರ ಶಾಸ್ತ್ರ ಎನ್ನುವವರು ಇದನ್ನು ನೆನೆಯುವುದು ಒಳ್ಳೆಯದೆಂದು ನಮಗೆ ತೋರುವುದು.

ಆ ಮಕ್ಕಳ ಚರ್ಮ ಮೌನವಾದುದೇಕೆಂಬುದಕ್ಕೆ ಈಗ ವಿವರಣೆಯುಂಟು. ದಡಾರದ ವೈರಸ್ಸು ಹಿಂದಿನ ರೋಗಗಳ ನೆನಪನ್ನು ಹೊತ್ತಿರುವ ಬಿಳಿಯ ಕಣಗಳ ಒಳಕ್ಕೇ ಹೊಕ್ಕು ಅವನ್ನು ಕೆಡಿಸುವುದು. ಕ್ಷಯವನ್ನು ಬಲ್ಲ ಟಿ ಕಣಗಳೂ ಅವುಗಳಲ್ಲಿ ಸೇರಿರುವುವು. ಹಾಲೆಂಡಿನಲ್ಲಿ ಲಸಿಕೆ ಹಾಕಿಸಿಕೊಳ್ಳದೆ ದಡಾರಕ್ಕೆ ತುತ್ತಾದ ೭೭ ಮಕ್ಕಳ ರಕ್ತವನ್ನು ರೋಗಕ್ಕೆ ಮೊದಲೂ ಅನಂತರವೂ ಹೋಲಿಸಿ ನೋಡಿದಾಗ, ಬೇರೆ ಬೇರೆ ರೋಗಗಳ ವಿರುದ್ಧ ಅವರಲ್ಲಿದ್ದ ಪ್ರತಿದ್ರವ್ಯಗಳ ಬಗೆಗಳಲ್ಲಿ ನೂರಕ್ಕೆ ೧೧ರಿಂದ ೭೩ರವರೆಗೆ ಕಳೆದುಹೋಗಿದ್ದುವೆಂದು ೨೦೧೯ರಲ್ಲಿ ಪ್ರಕಟವಾಯಿತು. ದಡಾರವು ಬಂದುಹೋಗುವ ರೋಗ, ಆದರೆ ಹೋಗುವಾಗ ಕೈಬೀಸಿಕೊಂಡು ಹೋಗುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆಯ ಮಾತು: ಚರ್ಮದ ಗುರುತು ಮಾಸಿದುದರಿಂದಲೇ ಕ್ಷಯವು ಎದ್ದಿತೆಂದು ಸಿದ್ಧವಾಗುವುದಿಲ್ಲ. ಕಾವಲುಗಾರನು ಕೆಲವು ದಿನ ಕಣ್ಣು ಮುಚ್ಚಿದನೆಂಬುದಷ್ಟೇ ಇದರಿಂದ ತಿಳಿಯುವುದು. ಆ ಅವಧಿಯಲ್ಲಿ ಕಳ್ಳನು ಓಡುವನೇ ಇಲ್ಲವೇ ಎಂಬುದು ಬೇರೆ ಅನೇಕ ಸಂಗತಿಗಳನ್ನು ಅವಲಂಬಿಸಿದೆ.

ಇನ್‌ಫ್ಲುಯೆಂಜಾ ಜ್ವರದ ಕಥೆ ಇದಕ್ಕಿಂತ ಸೂಕ್ಷ್ಮವಾದದ್ದು. ಅದರ ವೈರಸ್ಸು ಕಾವಲುಗಾರನ ಕಣ್ಣನ್ನು ಮುಚ್ಚುವುದಿಲ್ಲ. ಅವನನ್ನು ಬೇರೆ ಕಡೆಗೆ ಓಡಿಸುವುದು.

ಅದು ಹೇಗೆಂದು ನೋಡುವುದಕ್ಕೆ ಮೊದಲು, ಹಿಂದೆ ನಡೆದುಹೋದ ಅನರ್ಥಗಳ ಲೆಕ್ಕವನ್ನು ಸ್ವಲ್ಪ ನೋಡಬೇಕು. ೧೮೮೯ರಲ್ಲಿ ಒಂದು, ೧೯೧೮ರಲ್ಲಿ ಮತ್ತೊಂದು ಮಹಾಜ್ವರವು ಭೂಮಂಡಲವನ್ನೆಲ್ಲ ಸುತ್ತಿತು. ಎರಡನೆಯದರಲ್ಲಿ ಹಿಂದೂದೇಶವೊಂದರಲ್ಲಿಯೇ ಮಡಿದವರು ಒಂದು ಕೋಟಿಗೂ ಮೇಲೆಂದು ಅಂದಾಜು. ಸ್ವಿಟ್ಜರ್ಲೆಂಡಿನವರು ಲೆಕ್ಕಪತ್ರಗಳನ್ನಿಡುವುದರಲ್ಲಿ ಬಹಳ ಅಚ್ಚುಕಟ್ಟು. ಅಲ್ಲಿನ ಬರ್ನ್ ನಗರದ ಹಾಗೂ ಇಡೀ ದೇಶದ ಮರಣದ ದಾಖಲೆಗಳನ್ನು ಕೆಲವು ವಿದ್ವಾಂಸರು ತೆಗೆದು ನೋಡಿ ೨೦೧೬ರಲ್ಲಿ ಫಲವನ್ನು ಪ್ರಕಟಿಸಿದರು. ಎರಡು ಮಹಾಜ್ವರಗಳ ಕಾಲದಲ್ಲಿಯೂ ಶ್ವಾಸಕೋಶದ ಕ್ಷಯದಿಂದ ಸತ್ತವರ ಸಂಖ್ಯೆ ಏರಿತ್ತು. ಇದರಲ್ಲಿ ನಮ್ಮ ಮನಸ್ಸನ್ನು ಸೆಳೆಯುವ ಸಂಗತಿ ಇನ್ನೊಂದಿದೆ. ಅದೇ ಕಾಲದಲ್ಲಿ ಮೂಳೆ, ಗ್ರಂಥಿ ಮೊದಲಾದ ಬೇರೆ ಅಂಗಗಳ ಕ್ಷಯದಿಂದ ಸತ್ತವರ ಸಂಖ್ಯೆ ಏರಲಿಲ್ಲ; ಕ್ಯಾನ್ಸರಿನಿಂದ ಸತ್ತವರದೂ ಏರಲಿಲ್ಲ. ಬರಿಯ ದೌರ್ಬಲ್ಯವೇ ಕಾರಣವಾಗಿದ್ದರೆ ಎಲ್ಲ ರೋಗಿಗಳಿಗೂ ಸಮನಾಗಿ ಕೇಡಾಗಬೇಕಾಗಿತ್ತಷ್ಟೆ! ಏರಿದುದು ವೈರಸ್ಸೂ ಕ್ಷಯಾಣುವೂ ಒಂದೇ ಮನೆಯಲ್ಲಿ ಕೂಡಿದಾಗ ಮಾತ್ರ.

ಅಮೆರಿಕಾದಲ್ಲಿ ೧೯೧೮ರ ಮುಂದಿನ ವರ್ಷಗಳಲ್ಲಿ ಕ್ಷಯದ ಮರಣಗಳು ಒಮ್ಮೆಗೇ ಇಳಿದುವು. ಇಳಿದುದು ಶುಭವಾರ್ತೆಯೆಂದು ತೋರಬಹುದು. ಆದರೆ ೨೦೦೦ದಲ್ಲಿ ಈ ಅಂಕಿಗಳನ್ನು ಪರಿಶೀಲಿಸಿದವರು ಹೇಳಿದ ಕಾರಣ ಕರುಳು ಹಿಂಡುವಂತಹದು: ಮುಂದೆ ಕ್ಷಯದಿಂದ ಸಾಯಬೇಕಾಗಿದ್ದವರಲ್ಲಿ ಅನೇಕರನ್ನು ಮಹಾಜ್ವರವು ಮೊದಲೇ ಕೊಯ್ದುಕೊಂಡು ಹೋಗಿತ್ತು.

ಇನ್‌ಫ್ಲುಯೆಂಜಾದ ವೈರಸ್ಸನ್ನು ಮನುಷ್ಯರಿಂದ ಮೊದಲು ಬೇರ್ಪಡಿಸಿ ತೋರಿಸಿದುದು ೧೯೩೩ರಲ್ಲಿ, ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾಲಯದವರು. ಅದೇ ಸಂಶೋಧನಾಲಯವು ಮುಂದೆ ಮಿಲ್ ಹಿಲ್ ಎಂಬಲ್ಲಿ ನೆಲೆಸಿದ್ದಾಗ, ೧೯೫೭ರಲ್ಲಿ, ಸ್ಕಾಟ್ಲೆಂಡಿನ ಐಸಾಕ್ಸ್ ಎಂಬುವರೂ ಸ್ವಿಟ್ಜರ್ಲೆಂಡಿನ ಲಿಂಡೆನ್‌ಮನ್ ಎಂಬುವರೂ ಒಂದು ಹೊಸ ದ್ರವ್ಯವನ್ನು ಕಂಡರು. ಕೋಳಿಮೊಟ್ಟೆಯ ಒಳಪೊರೆಯ ತುಣುಕುಗಳಿಗೆ ಕೊಲ್ಲಲ್ಪಟ್ಟ ಇನ್‌ಫ್ಲುಯೆಂಜಾ ವೈರಸ್ಸನ್ನು ತಗುಲಿಸಿದಾಗ ಆ ತುಣುಕುಗಳು ಏನನ್ನೋ ಸೂಸಿದುವು. ಅದನ್ನು ಹೊಸ ತುಣುಕುಗಳ ಮೇಲೆ ಹೊಯ್ದರೆ ಅವುಗಳಲ್ಲಿ ಜೀವಂತವಾದ ವೈರಸ್ಸೂ ಬೆಳೆಯಲಾರದೆ ಹೋಯಿತು. ಅಡ್ಡಬರುವ ದ್ರವ್ಯವೆಂಬ ಅರ್ಥದಲ್ಲಿ ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ವೈರಸ್ಸು ಹೊಕ್ಕ ಮನೆಯು ಬೀದಿಯವರಿಗೆಲ್ಲ ಕೂಗಿ ಹೇಳುವ ಎಚ್ಚರಿಕೆಯ ಕೂಗು ಇದು. ಕೂಗು ಕೇಳಿದ ನೆರೆಮನೆಗಳು ಬಾಗಿಲು ಹಾಕಿಕೊಳ್ಳುವುವು. ವೈರಸ್ಸು ಒಂದು ಕಣದೊಳಗೆ ಹೊಕ್ಕು ಕೆಲವೇ ಗಂಟೆಗಳಲ್ಲಿ ಮರಿಗಳನ್ನು ಹೊರಬಿಡುವ ವೈರಿಯಾದುದರಿಂದ ಇಂತಹ ತ್ವರಿತವಾದ ಕೂಗು ಇಲ್ಲದೆ ನಾವು ಬದುಕಲಾರೆವು.

ವಾಚಕರಿಗೆ ಇಲ್ಲಿ ಒಂದು ಗೊಂದಲ ಹುಟ್ಟಬಹುದು. ಕ್ಷಯದ ಕಾವಲಿಗೆ ಅಪ್ಪಣೆ ಕೊಡುವುದು ಗಾಮಾ ಇಂಟರ್‌ಫೆರಾನ್ ಎಂದು ಮೇಲೆ ಹೇಳಿದೆವು. ವೈರಸ್ಸಿನ ಕೂಗೂ ಇಂಟರ್‌ಫೆರಾನ್ ಎಂದೇ ಹೇಳುತ್ತಿರುವೆವು. ಹೆಸರು ಒಂದೇ ಆದರೂ ಇವು ಒಂದಲ್ಲ. ವೈರಸ್ಸಿನ ವೇಳೆ ಹೊರಡುವುದು ಆಲ್ಫಾ, ಬೀಟಾ ಎಂಬ ಮೊದಲನೆಯ ವರ್ಗದವು. ಟಿ ಕಣಗಳು ಕೊಡುವ ಗಾಮಾ ಎರಡನೆಯ ವರ್ಗದ್ದು. ಒಂದೇ ಮನೆತನದ ಹೆಸರನ್ನು ಹೊತ್ತು ಒಬ್ಬರಿಗೊಬ್ಬರು ಆಗದ ದಾಯಾದಿಗಳಂತೆ, ಕ್ಷಯದ ವಿಷಯದಲ್ಲಿ ಇವು ಎದುರುಬದುರಾಗಿ ನಿಲ್ಲುವುದುಂಟು. ಮೊದಲನೆಯ ವರ್ಗದ ಇಂಟರ್‌ಫೆರಾನು ಅತಿಯಾಗಿ ಹರಿದಾಗ ಭಕ್ಷಕ ಕಣವು ಗಾಮಾದ ಅಪ್ಪಣೆಗೆ ಸರಿಯಾಗಿ ಓಗೊಡುವುದಿಲ್ಲ. ಕ್ಷಯಾಣುವನ್ನು ಅದುಮಲು ಬೇಕಾದ ಇಂಟರ್‌ಲ್ಯೂಕಿನ್ ಒಂದು ಎಂಬ ಇನ್ನೊಂದು ದ್ರವ್ಯದ ಉತ್ಪತ್ತಿ ತಗ್ಗುವುದು. ಹೋರಾಟವನ್ನು ತಣಿಸುವ ಇಂಟರ್‌ಲ್ಯೂಕಿನ್ ಹತ್ತು ಎಂಬುದು ಹೆಚ್ಚುವುದು. ಊರಿನಲ್ಲಿ ಬೆಂಕಿ ಬಿದ್ದಿತೆಂಬ ಕೂಗಿಗೆ ಸೆರೆಮನೆಯ ಪಹರೆಯವರೂ ಬಿಂದಿಗೆ ಹಿಡಿದು ಓಡಿದರೆ ಏನಾಗುವುದೋ ಅದೇ ಇಲ್ಲಿಯೂ ಆಗುವುದು. ಕೂಗು ಸುಳ್ಳಲ್ಲ, ಓಡಿದವರದೂ ತಪ್ಪಲ್ಲ.

ಇದು ಬರಿಯ ಊಹೆಯಲ್ಲ. ಅದೇ ಮಿಲ್ ಹಿಲ್ಲಿನ ಶೋಧಕರು ಲಂಡನ್ನಿನಲ್ಲಿಯೂ ದಕ್ಷಿಣ ಆಫ್ರಿಕಾದಲ್ಲಿಯೂ ಇದ್ದ ಕ್ಷಯರೋಗಿಗಳ ರಕ್ತವನ್ನು ಪರೀಕ್ಷಿಸಿ ೨೦೧೦ರಲ್ಲಿ ಒಂದು ಅನಿರೀಕ್ಷಿತ ವಿಷಯವನ್ನು ತಿಳಿಸಿದರು: ರೋಗವು ಜಾಗೃತವಾಗಿರುವವರ ರಕ್ತದಲ್ಲಿ, ವೈರಸ್ಸಿಗೆ ಮೀಸಲೆಂದು ಎಣಿಸಿದ್ದ ಮೊದಲನೆಯ ವರ್ಗದ ಇಂಟರ್‌ಫೆರಾನಿನ ಗುರುತುಗಳು ದಟ್ಟವಾಗಿ ಕಾಣುತ್ತಿದ್ದುವು. ಚಿಕಿತ್ಸೆಯಾದಂತೆ ಆ ಗುರುತುಗಳು ಅಳಿಯುತ್ತ ಬಂದುವು. ಮುಂದೆ ೨೦೧೪ರಲ್ಲಿ ಅದೇ ಗುಂಪಿನವರು ಇಲಿಗಳಲ್ಲಿ ಪರೀಕ್ಷೆ ಮಾಡಿದರು. ಕ್ಷಯದ ಜೊತೆಗೆ ಇನ್‌ಫ್ಲುಯೆಂಜಾವನ್ನೂ ತಗುಲಿಸಿದ ಇಲಿಗಳ ಶ್ವಾಸಕೋಶದಲ್ಲಿ ಕ್ಷಯಾಣುಗಳು ಹೆಚ್ಚಾಗಿ ಬೆಳೆದುವು. ಆದರೆ ಮೊದಲನೆಯ ವರ್ಗದ ಇಂಟರ್‌ಫೆರಾನಿನ ಕೂಗನ್ನು ಕೇಳುವ ಕಿವಿಯೇ ಇಲ್ಲದಂತೆ ಹುಟ್ಟಿಸಿದ ಇಲಿಗಳಲ್ಲಿ ಈ ಕೇಡು ಆಗಲಿಲ್ಲ. ವೈರಸ್ಸು ಎರಡು ಗುಂಪಿಗೂ ತಗುಲಿತ್ತು. ಕೂಗು ಕೇಳಿಸಿದವರಿಗೆ ಮಾತ್ರ ಕ್ಷಯ ಹೆಚ್ಚಿತು. ಇಷ್ಟು ನೇರವಾದ ಸಾಕ್ಷ್ಯವು ಈ ಶಾಸ್ತ್ರದಲ್ಲಿ ಅಪರೂಪ.

೨೦೨೦ರಲ್ಲಿ ಬಂದ ಕೋವಿಡ್ ವ್ಯಾಧಿಯು ಈ ಹಳೆಯ ಪ್ರಶ್ನೆಯನ್ನು ಮತ್ತೆ ಎಲ್ಲರ ಮುಂದಿಟ್ಟಿತು. ಕ್ಷಯವು ವಿಪುಲವಾಗಿರುವ ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್ ಪ್ರಾಂತದಲ್ಲಿ ಸರ್ಕಾರದ ಆಸ್ಪತ್ರೆಗಳ ದಾಖಲೆಗಳನ್ನು ಕೂಡಿಸಿ ನೋಡಿದಾಗ, ಕೋವಿಡಿನಿಂದ ಸಾಯುವ ಅಪಾಯವು ಕ್ಷಯವಿರುವವರಿಗೆ ಇಲ್ಲದವರಿಗಿಂತ ೨.೭ ಪಟ್ಟು ಹೆಚ್ಚಾಗಿದ್ದಿತು. ಹಿಂದೆ ಕ್ಷಯವಾಗಿ ಗುಣಹೊಂದಿದ್ದವರಿಗೂ ಒಂದೂವರೆ ಪಟ್ಟಾಗಿದ್ದಿತು. ಗುಣವಾದರೂ ಶ್ವಾಸಕೋಶದಲ್ಲಿ ಉಳಿಯುವ ಕಲೆ, ಕುಗ್ಗಿದ ಉಸಿರಿನ ಬಲ ಇವುಗಳೂ ಇದಕ್ಕೆ ಕಾರಣವಾಗಿರಬಹುದು. ಅದೇ ಪ್ರಾಂತದ ಕೇಪ್ ಟೌನಿನಲ್ಲಿ ರಕ್ತವನ್ನು ಪರೀಕ್ಷಿಸಿದವರು ೨೦೨೧ರಲ್ಲಿ, ಕೋವಿಡ್ ಬಂದವರಲ್ಲಿ ಕ್ಷಯಾಣುವನ್ನು ಗುರುತಿಸುವ ಟಿ ಕಣಗಳು ಕಡಮೆಯಾಗಿರುವುದನ್ನು ಕಂಡರು. ಪಿರ್ಕೆಯವರು ಮಕ್ಕಳ ತೋಳಿನ ಮೇಲೆ ಕಂಡುದರ ಇನ್ನೊಂದು ರೂಪವೇ ಇದೆಂದು ಹೇಳಬಹುದು.

ಎಲ್ಲವೂ ಒಂದೇ ದಿಕ್ಕಿಗೆ ಹರಿಯುವುದೆಂದೂ ತಿಳಿಯಬಾರದು. ಮೊದಲೇ ಕ್ಷಯ ತಗುಲಿದ್ದ ಇಲಿಗಳಿಗೆ ಕೋವಿಡಿನ ವೈರಸ್ಸನ್ನು ಕೊಟ್ಟಾಗ ಅವು ಅದನ್ನು ಬೇರೆ ಇಲಿಗಳಿಗಿಂತ ಚೆನ್ನಾಗಿ ತಡೆದುಕೊಂಡುವೆಂದು ೨೦೨೨ರಲ್ಲಿ ಪ್ರಕಟವಾಗಿದೆ. ಎಚ್ಚತ್ತು ನಿಂತಿದ್ದ ಕಾವಲು ಹೊಸ ಶತ್ರುವನ್ನೂ ಎದುರಿಸಿತೆಂದು ಇದರ ಅರ್ಥ. ಈ ಸುದ್ದಿಯನ್ನು ಕೇಳಿ ಕ್ಷಯವೇ ಕೋವಿಡಿಗೆ ಕವಚವೆಂದು ಹೇಳುವವರಿದ್ದರೆ, ಅವರು ಕೇಪ್ ಪ್ರಾಂತದ ಮರಣಗಳ ಲೆಕ್ಕವನ್ನು ಒಮ್ಮೆ ನೋಡಬೇಕು. ಪ್ರಯೋಗಶಾಲೆಯ ಇಲಿಯು ಹೊಟ್ಟೆತುಂಬ ತಿಂದು ಬೆಚ್ಚಗೆ ಇರುವ ಪ್ರಾಣಿ. ಕ್ಷಯದ ಮನುಷ್ಯನ ಸ್ಥಿತಿ ಬಹುತೇಕ ಅದಲ್ಲ. ಕ್ಷಯಕ್ಕಾಗಿ ಕೂಸುಗಳಿಗೆ ಹಾಕುವ ಬಿ.ಸಿ.ಜಿ. ಲಸಿಕೆಯು ಇದೇ ರೀತಿ ಕಾವಲನ್ನು ಎಚ್ಚರಿಸಿ ಕೋವಿಡನ್ನು ತಡೆಯುವುದೆಂದು ಅನೇಕರು ನಂಬಿದ್ದರು. ಐದು ದೇಶಗಳ ಆರೋಗ್ಯ ಕಾರ್ಯಕರ್ತರಲ್ಲಿ ನಡೆಸಿದ ಪರೀಕ್ಷೆಯ ಫಲ ೨೦೨೩ರಲ್ಲಿ ಹೊರಬಂದಾಗ ಆ ನಂಬಿಕೆಗೆ ಆಧಾರ ದೊರೆಯಲಿಲ್ಲ. ಆದುದರಿಂದ ಆ ಲಸಿಕೆಯ ಬೆಲೆ ಕಡಮೆಯಾಗಲಿಲ್ಲ. ಎಳೆಯ ಮಕ್ಕಳನ್ನು ಕ್ಷಯದ ಭೀಕರ ರೂಪಗಳಿಂದ ಕಾಪಾಡುವ ತನ್ನ ಕೆಲಸವನ್ನು ಅದು ಮಾಡುತ್ತಲೇ ಇದೆ.

ಇನ್ನೊಂದು ವಿಷಯವನ್ನು ಗೃಹಸ್ಥರಿಗೆ ಒತ್ತಿ ಹೇಳಬೇಕಾಗಿದೆ. ಕೋವಿಡ್ ಉಲ್ಬಣಿಸಿ ಆಮ್ಲಜನಕ ಬೇಕಾದವರಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯಿಡ್ ಔಷಧವು ಪ್ರಾಣರಕ್ಷಕವೆಂದು ೨೦೨೦ರ ಜೂನ್ ತಿಂಗಳಲ್ಲಿ ಸಿದ್ಧವಾಯಿತು. ಅದು ಕೆಲಸ ಮಾಡುವುದು ದೇಹದ ಕಾವಲಿನ ಅತಿರೇಕವನ್ನು ಅಡಗಿಸುವುದರಿಂದ. ಅಂತಹ ಔಷಧವನ್ನು ವೈದ್ಯರ ಮಾತಿಲ್ಲದೆ, ಬರಿಯ ಕೆಮ್ಮು ಜ್ವರಕ್ಕೆಂದು, ಅಂಗಡಿಯಿಂದ ತಂದು ನುಂಗಿದವರು ಆ ದಿನಗಳಲ್ಲಿ ಕಡಮೆಯಿರಲಿಲ್ಲ. ವೈರಸ್ಸಿನ ಕೂಗಿಗೆ ಮೊದಲೇ ಚೆದರಿದ ಪಹರೆಯನ್ನು ಹೀಗೆ ಮಲಗಿಸಿಯೂ ಬಿಟ್ಟರೆ ಬೂದಿಯ ಕೆಳಗಿನ ಕೆಂಡಕ್ಕೆ ಇನ್ನೇನು ಬೇಕು? ಸ್ಟೆರಾಯಿಡುಗಳನ್ನು ವಿಚಾರವಿಲ್ಲದೆ ಕೊಡಬಾರದೆಂದೂ, ಕೋವಿಡಿನ ಬಳಿಕ ಎರಡು ಮೂರು ವಾರ ಮೀರಿ ಕೆಮ್ಮು ನಿಂತರೆ ಕ್ಷಯಕ್ಕಾಗಿ ಪರೀಕ್ಷಿಸಬೇಕೆಂದೂ ಭಾರತ ಸರ್ಕಾರದವರು ೨೦೨೨ರ ಜನವರಿಯಲ್ಲಿ ವೈದ್ಯರಿಗೆ ಸೂಚಿಸಿದರು.

ದೇಹದೊಳಗಿನ ಕಾವಲು ಚೆದರಿದಂತೆ ಹೊರಗಿನ ಕಾವಲೂ ಚೆದರಿತು. ೨೦೧೯ರಲ್ಲಿ ಪ್ರಪಂಚದಲ್ಲಿ ೭೧ ಲಕ್ಷ ಕ್ಷಯರೋಗಿಗಳು ಹೊಸದಾಗಿ ಪತ್ತೆಯಾಗಿದ್ದರು. ೨೦೨೦ರಲ್ಲಿ ಪತ್ತೆಯಾದವರು ೫೮ ಲಕ್ಷ. ರೋಗವು ಇಳಿದುದರಿಂದಲ್ಲ, ನೋಡುವವರಿಲ್ಲದುದರಿಂದ. ಕೆಮ್ಮಿದವರನ್ನೆಲ್ಲ ಒಂದೇ ರೋಗಕ್ಕಾಗಿ ಪರೀಕ್ಷಿಸಿ, ಅದಿಲ್ಲವೆಂದು ತಿಳಿದರೆ ಮನೆಗೆ ಕಳುಹಿಸಿದ ಕಾಲವದು. ೨೦೨೩ರಲ್ಲಿ ಕ್ಷಯಕ್ಕೆ ತುತ್ತಾದವರು ೧ ಕೋಟಿ ೮ ಲಕ್ಷವೆಂದೂ ಅದರಿಂದ ಮಡಿದವರು ೧೨ ಲಕ್ಷ ೫೦ ಸಾವಿರವೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗಿಗಳಲ್ಲಿ ನಾಲ್ಕರಲ್ಲೊಂದಕ್ಕೂ ಮಿಕ್ಕ ಪಾಲು ನಮ್ಮ ದೇಶದವರು.

ಕೆಮ್ಮಿದವನನ್ನು ಪರೀಕ್ಷಿಸದೆ ಕಳುಹಿಸುವುದು ನಮ್ಮಲ್ಲಿ ಹೊಸತೇನಲ್ಲ. ಬೆಂಗಳೂರಿನ ಅದೇ ರಾಷ್ಟ್ರೀಯ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ವಿಚಾರಿಸಿ ೧೯೬೩ರಲ್ಲಿ ಪ್ರಕಟಿಸಿದ ಶೋಧನೆಯೊಂದಿದೆ. ಹಳ್ಳಿಗರು ಅಜ್ಞರು, ರೋಗವನ್ನು ಗಮನಿಸುವುದಿಲ್ಲ ಎಂಬ ಮಾತು ಪಟ್ಟಣದವರಲ್ಲಿ ರೂಢವಾಗಿದ್ದ ಕಾಲ. ವಿಚಾರಿಸಿದರೆ, ರೋಗಿಗಳಲ್ಲಿ ಬಹುಮಂದಿ ತಮ್ಮ ಲಕ್ಷಣಗಳನ್ನು ಚೆನ್ನಾಗಿ ಅರಿತಿದ್ದರು. ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಗೂ ಹೋಗಿಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದುದು ಸಾಮಾನ್ಯವಾಗಿ ಒಂದು ಸೀಸೆ ಕೆಮ್ಮಿನ ಔಷಧ.

ಆದುದರಿಂದ ಜ್ವರ ಬಿಟ್ಟ ಮೇಲೆ ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ, ಸೀಸೆಯನ್ನು ಕೇಳದೆ ಕಫಪರೀಕ್ಷೆಯನ್ನು ಕೇಳತಕ್ಕದ್ದು. ಮನೆಯಲ್ಲಿ ಹಿಂದೆ ಯಾರಿಗಾದರೂ ಕ್ಷಯವಿದ್ದರೆ, ಸಿಹಿಮೂತ್ರವಿದ್ದರೆ, ಮೈ ಸೊರಗಿದ್ದರೆ ಎರಡು ವಾರವನ್ನೂ ಕಾಯಬೇಕಾಗಿಲ್ಲ. ಕ್ಷಯಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರಿಗೆ ನಡುವೆ ಇನ್‌ಫ್ಲುಯೆಂಜಾವೋ ಕೋವಿಡೋ ಬಂದರೆ, ಜ್ವರದ ದಿನಗಳಲ್ಲಿ ಕ್ಷಯದ ಗುಳಿಗೆಗಳನ್ನು ತಾವಾಗಿ ನಿಲ್ಲಿಸಬಾರದು. ಕಾವಲು ಬೇರೆ ಕಡೆ ಓಡಿರುವಾಗ ಆ ಗುಳಿಗೆಗಳೇ ಪಹರೆ. ಮಕ್ಕಳಿಗೆ ದಡಾರದ ಲಸ���ಕೆಯ ಎರಡು ವರಸೆಗಳನ್ನೂ ತಪ್ಪಿಸಬಾರದು. ಆ ಲಸಿಕೆಯು ಜೀವವಿರುವ, ಆದರೆ ಪಳಗಿಸಿದ ವೈರಸ್ಸಾದುದರಿಂದ, ಅದನ್ನು ಹಾಕಿಸಿದ ನಾಲ್ಕರಿಂದ ಆರು ವಾರಗಳೊಳಗೆ ಟ್ಯೂಬರ್ಕ್ಯುಲಿನ್ ಪರೀಕ್ಷೆ ಮಾಡಿದರೆ ಚರ್ಮವು ಸುಳ್ಳು ಹೇಳುವ ಸಂಭವವುಂಟು. ಎರಡನ್ನೂ ಒಂದೇ ದಿನ ಮಾಡಬಹುದು, ಇಲ್ಲವೆ ಅಷ್ಟು ವಾರ ಕಾಯಬೇಕು. ವೈದ್ಯರಿಗೆ ಲಸಿಕೆಯ ತೇದಿಯನ್ನು ತಾಯಂದಿರೇ ನೆನಪಿನಿಂದ ತಿಳಿಸುವುದು ಉತ್ತಮ.

ಕಫವನ್ನು ಕೊಡುವುದರಲ್ಲಿಯೂ ಕ್ರಮವುಂಟು. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎರಡು ಮೂರು ಬಾರಿ ಆಳವಾಗಿ ಉಸಿರೆಳೆದು, ಎದೆಯ ತಳದಿಂದ ಕೆಮ್ಮಿ ಬಂದುದನ್ನು ಕೊಡಬೇಕು. ಬಾಯಿಯ ಉಗುಳನ್ನು ಕೊಟ್ಟರೆ ಪರೀಕ್ಷೆ ವ್ಯರ್ಥ. ಬಯಲಿನಲ್ಲಿ, ಬೇರೆಯವರಿಂದ ದೂರವಾಗಿ ನಿಂತು ಕೆಮ್ಮತಕ್ಕದ್ದು. ಅಣುವಿನ ವಂಶದ್ರವ್ಯವನ್ನೇ ಹುಡುಕುವ ಯಂತ್ರಗಳು ಈಗ ಜಿಲ್ಲೆ, ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಬಂದಿವೆ. ಕ್ಷಯವಿದೆಯೇ, ಇದ್ದರೆ ಮುಖ್ಯ ಔಷಧವಾದ ರಿಫಾಂಪಿಸಿನ್ನಿಗೆ ಅದು ಬಗ್ಗುವುದೇ ಎಂಬೆರಡನ್ನೂ ಅವು ಕೆಲವು ಗಂಟೆಗಳಲ್ಲಿ ತಿಳಿಸುವುವು; ಸರ್ಕಾರದ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೂ ಆಮೇಲಿನ ಆರು ತಿಂಗಳ ಔಷಧಕ್ಕೂ ಹಣ ಕೊಡಬೇಕಾಗಿಲ್ಲ.